ಪಲ್ಪರ್ ಕಾಲಿಗೆ ಯಾವ ರಾಡು?

ಅಕ್ಟೋಬರ್ ಬಂತೆಂದರೆ ಚಿಕ್ಕಮಗಳೂರಿನ ನಮ್ಮ ವರ್ಕ್‌ಶಾಪಿಗೆ ಪಲ್ಪರ್‌ಗಳು ಬರತೊಡಗುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಗಳಿವು. ಅರೇಬಿಕಾ ಕೊಯ್ಲು ಶುರುವಾಗುವ ಮೊದಲೇ ರಿಪೇರಿ ಮುಗಿಯಬೇಕು. ಮೊನ್ನೆ ಮೂಡಿಗೆರೆ ಕಡೆಯ ತೋಟದಿಂದ ಒಂದು ಬಂದಿತ್ತು. ಬೀಡಿನ (ಎರಕದ ಕಬ್ಬಿಣದ) ಕಾಲು ಒಡೆದಿದ್ದಕ್ಕೆ ಬೇರೆಲ್ಲೋ ಮಾಮೂಲಿ ಉಕ್ಕಿನ 6013 ವೆಲ್ಡಿಂಗ್ ರಾಡಿನಲ್ಲಿ ಬೆಸುಗೆ ಹಾಕಿಸಿದ್ದರು. ಬೆಸುಗೆ ನೋಡಲು ಚೆನ್ನಾಗೇ ಇತ್ತು. ಅದರ ಅಂಚಿನಗುಂಟ ಮಾತ್ರ ಕೂದಲೆಳೆಯಷ್ಟು ಹೊಸ ಬಿರುಕು. ಬೋಲ್ಟಿನ ತೂತು ಸರಿ ಮಾಡೋಣ ಅಂತ ಡ್ರಿಲ್ ಇಟ್ಟರೆ ಬಿಟ್ ಕಿರ್ರೆಂದು ಜಾರಿತು, ಕಚ್ಚಲೇ ಇಲ್ಲ.

"ರಾಡು ಕಳಪೆಯದಾ?" ಅಂತ ತೋಟದ ರೈಟರು ಕೇಳಿದರು. ರಾಡು ಒಳ್ಳೆಯದೇ. ಆದರೆ ಬೆಸುಗೆಯಲ್ಲಿ ರಾಡೊಂದೇ ಇರುವುದಿಲ್ಲ, ಅಲ್ವಾ? ಆರ್ಕ್ ತಗುಲಿದ ಕಡೆ ಮೂಲ ಲೋಹವೂ ಕರಗುತ್ತದೆ. ಎರಡೂ ಒಟ್ಟಿಗೆ ಸುತ್ತಿ, ಬೆರೆತು, ಗಟ್ಟಿಯಾಗುತ್ತವೆ. ರಾಡ್ ವೆಲ್ಡಿಂಗ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ 20ರಿಂದ 40 ಪಾಲು ಮೂಲ ಲೋಹದ್ದೇ. ಇದಕ್ಕೆ ಡೈಲ್ಯೂಷನ್ ಅನ್ನುತ್ತಾರೆ.

ಬೀಡಿನಲ್ಲಿ ಕಾರ್ಬನ್ ಶೇಕಡಾ 3ರ ಆಸುಪಾಸು. 6013ರಲ್ಲಿ ಬರೀ 0.1ರ ಸುತ್ತಮುತ್ತ. 30 ಪಾಲು ಬೀಡು ಬೆರೆತರೆ ಬೆಸುಗೆಯ ಕಾರ್ಬನ್ ಶೇಕಡಾ 1ಕ್ಕೆ ಏರುತ್ತದೆ. ಕಬ್ಬಿಣ ಉಜ್ಜುವ ಅರ (ಫೈಲ್) ಮಾಡುವ ಉಕ್ಕಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುವುದು! ದಪ್ಪ ಬೀಡು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಹಾಗೆ ತಟ್ಟನೆ ತಣಿದು ಗಡಸಾದ ಬೆಸುಗೆಗೆ ಡ್ರಿಲ್ ಎಲ್ಲಿ ಇಳಿಯಬೇಕು?

ಅದಕ್ಕೇ ನಾನು ನಿಕಲ್ ರಾಡು ಬಳಸುತ್ತೇನೆ. ಬೆಲೆ ಜಾಸ್ತಿ, ನಿಜ. ಆದರೆ ನಿಕಲ್ ಕಾರ್ಬನ್ ಜೊತೆ ಸೇರಿ ಗಡಸಾಗುವುದಿಲ್ಲ. ಹೆಚ್ಚಿನ ಕಾರ್ಬನ್ ಗ್ರಾಫೈಟ್ ಆಗಿ ಹೊರಬೀಳುತ್ತದೆ, ಬೆಸುಗೆ ಮೆತ್ತಗೆ ಉಳಿಯುತ್ತದೆ. ಬೀಡು ಕರಗುವುದೂ ಕಮ್ಮಿ ಆಗಲಿ ಅಂತ ಕರೆಂಟ್ ಇಳಿಸಿಕೊಳ್ಳುತ್ತೇನೆ. ಒಂದಿಂಚು ಹಾಕುವುದು, ಬಿಸಿ ಇರುವಾಗಲೇ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯುವುದು, ಕೈ ಇಡುವಷ್ಟು ತಣಿದ ಮೇಲೆ ಮುಂದಿನದು. ಗಡಿಬಿಡಿ ಮಾಡುವವರಿಗೆ ಈ ಕೆಲಸ ಆಗಿಬರಲ್ಲ.

ಎಸ್ಸೆಸ್ (ಸ್ಟೇನ್‌ಲೆಸ್ ಸ್ಟೀಲ್) ಹಾಪರ್‌ಗೆ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಉಕ್ಕು) ಕಾಲು ಕೂರಿಸುವಾಗಲೂ ಇದೇ ಲೆಕ್ಕ. ಎಂಎಸ್ ಬೆರೆತಷ್ಟೂ ಕ್ರೋಮಿಯಂ, ನಿಕಲ್ ತೆಳುವಾಗುತ್ತವೆ. 308 ಅನ್ನುವ ಸ್ಟೇನ್‌ಲೆಸ್ ರಾಡಿನಲ್ಲಿ ಕ್ರೋಮಿಯಂ ಶೇಕಡಾ 20ರಷ್ಟು, ಅಲ್ಲಿ ಅದು ಸಾಲದೆ ಬರಬಹುದು. 309ರಲ್ಲಿ 23-24 ಇರುತ್ತದೆ. ಬೆರೆತು ಇಳಿದರೂ ಸ್ಟೇನ್‌ಲೆಸ್ ಗುಣ ಉಳಿಯಲಿ ಅಂತಲೇ ಅಷ್ಟು ಜಾಸ್ತಿ ಕೊಟ್ಟಿರುವುದು. ಅಂಗಡಿಯವರು "ಎರಡೂ ಒಂದೇ, ಸುಮ್ನೆ ತಗೊಳ್ಳಿ" ಅಂದರೆ ಒಪ್ಪಬೇಡಿ. 309 ಅಂತಲೇ ಕೇಳಿ ತನ್ನಿ.