ಧರ್ಮದ ಕಾಲಂನಲ್ಲಿ ಲಿಂಗಾಯತ ಅಂತ ಬರೆಸಿದರೆ ಏನಾಗುತ್ತದೆ?

ಹಿಂದೂ ಅಂತ ಬರೆಸಬೇಕೋ, ಲಿಂಗಾಯತ ಅಂತಲೋ, ವೀರಶೈವ ಲಿಂಗಾಯತ ಅಂತಲೋ? ಗಣತಿ ಬಂತೆಂದರೆ ಮಠಗಳಲ್ಲೂ ಸಮಾಜದ ಸಭೆಗಳಲ್ಲೂ ಇದೇ ಚರ್ಚೆ. ಬಸವಣ್ಣನವರು ಧರ್ಮಗುರುವೋ, ರೇಣುಕಾದಿ ಪಂಚಾಚಾರ್ಯರು ಮೂಲಪುರುಷರೋ ಎಂಬ ವಾದ ಸದ್ಯಕ್ಕೆ ಮುಗಿಯುವಂಥದ್ದಲ್ಲ. ಬರೆಸಿದ ಪದಕ್ಕೆ ಮುಂದೇನಾಗುತ್ತದೆ ಅನ್ನೋದನ್ನ ಮಾತ್ರ ವೇದಿಕೆ ಮೇಲೆ ಯಾರೂ ಬಿಡಿಸಿ ಹೇಳುವುದಿಲ್ಲ.

2011ರ ಜನಗಣತಿ ನಮೂನೆಯಲ್ಲಿ ಕೋಡ್ ಇದ್ದದ್ದು ಆರು ಧರ್ಮಗಳಿಗೆ: ಹಿಂದೂ 1, ಮುಸ್ಲಿಂ 2, ಕ್ರೈಸ್ತ 3, ಸಿಖ್ 4, ಬೌದ್ಧ 5, ಜೈನ 6. ಬೇರೆ ಯಾವುದನ್ನು ಹೇಳಿದರೂ ಹೆಸರನ್ನು ಪೂರ್ತಿ ಬರೆದು ಕೋಡ್ ಖಾಲಿ ಬಿಡಬೇಕು. ಆಟ ಇರುವುದು ಆಮೇಲೆ, ಕೋಷ್ಟಕ ಸಿದ್ಧಪಡಿಸುವ ಹಂತದಲ್ಲಿ. ಪಂಥ, ಪಂಗಡಗಳೆಂದು ಗುರುತಿಸಿದ ಹೆಸರುಗಳನ್ನು ಆಯಾ ದೊಡ್ಡ ಧರ್ಮಕ್ಕೆ ಸೇರಿಸಿ ಎಣಿಸುತ್ತಾರೆ. ಜಾರ್ಖಂಡ್ ಕಡೆಯ ಆದಿವಾಸಿಗಳು ಬರೆಸಿದ 'ಸರ್ನಾ' ಸುಮಾರು 49 ಲಕ್ಷ ಅಂತ 'ಇತರ ಧರ್ಮ'ದ ಪಟ್ಟಿಯಲ್ಲಿ ಬೇರೆಯಾಗಿಯೇ ಕಾಣುತ್ತದೆ. ಆದರೆ ಲಿಂಗಾಯತರನ್ನು ಹಿಂದೂ ಪಂಗಡವೆಂದೇ ಲೆಕ್ಕಿಸಿಕೊಂಡು ಬಂದಿದ್ದಾರೆ. ಹಾಗಾಗಿ ಬರೆಸಿದ ಮಾತ್ರಕ್ಕೆ ಪ್ರತ್ಯೇಕ ಅಂಕಿ ಸಿಗುತ್ತದೆ ಎನ್ನುವುದು ಭ್ರಮೆ.

ಪ್ರತ್ಯೇಕ ಕೋಡ್ ಕೊಡಿ ಎಂಬ ಮನವಿಯನ್ನು 2013ರಲ್ಲಿ ಜನಗಣತಿ ನಡೆಸುವ ರಿಜಿಸ್ಟ್ರಾರ್ ಜನರಲ್ ಕಚೇರಿ ತಳ್ಳಿಹಾಕಿತು. ಕೊಟ್ಟ ಕಾರಣಗಳಲ್ಲಿ ಒಂದು ಗಟ್ಟಿಯಾಗಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಪ್ರಕಾರ ಎಸ್‌ಸಿ ಸ್ಥಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ. ಲಿಂಗಾಯತ ಬೇರೆ ಧರ್ಮವಾದರೆ ಅದನ್ನು ಅನುಸರಿಸುವ ಪರಿಶಿಷ್ಟ ಜಾತಿಯವರು ಆ ಸ್ಥಾನ ಕಳೆದುಕೊಳ್ಳುತ್ತಾರೆ. ಈ ಆದೇಶ ತಿದ್ದುಪಡಿಯಾಗದೆ ಈ ತೊಡಕು ಬಿಡಿಸುವುದು ಹೇಗೆಂದು ಪ್ರತ್ಯೇಕ ಧರ್ಮದ ಪರ ಇರುವವರು ಇನ್ನೂ ನೇರವಾಗಿ ಉತ್ತರಿಸಬೇಕಿದೆ.

ಎದುರು ಬಣದ ಒಂದು ಹೆದರಿಕೆಯೂ ಟೊಳ್ಳೇ: 'ಮದುವೆ, ಆಸ್ತಿ ಎಲ್ಲದಕ್ಕೂ ಕಾನೂನು ಬದಲಾಗುತ್ತದೆ'. 1955ರ ಹಿಂದೂ ವಿವಾಹ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ವೀರಶೈವ, ಲಿಂಗಾಯತ ಎರಡೂ ಹೆಸರಿವೆ. ಅದೇ ಸೆಕ್ಷನ್ ಜೈನ, ಬೌದ್ಧ, ಸಿಖ್ಖರಿಗೂ ಅನ್ವಯ. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿತು; ಅವರ ಮದುವೆಗಳು ಇಂದಿಗೂ ಅದೇ ಕಾಯ್ದೆಯಡಿ ನಡೆಯುತ್ತವೆ. ಬದಲಾಗುವುದು ಮುಖ್ಯವಾಗಿ ಸಂವಿಧಾನ ಅಲ್ಪಸಂಖ್ಯಾತರಿಗೆ ಕೊಟ್ಟ 30ನೇ ವಿಧಿಯ ಹಕ್ಕು, ಅಂದರೆ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಸ್ವಾತಂತ್ರ್ಯ. ಸಂಸ್ಥೆಗಳಿರುವ ಮಠಗಳಿಗೆ ಅದು ಸಣ್ಣದಲ್ಲ, ಸಂಸ್ಥೆ ಇಲ್ಲದ ರೈತನಿಗೆ ದೊಡ್ಡದೂ ಅಲ್ಲ.

ಲಿಂಗಾಯತರಿಗೆ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನ ಕೊಡಬಹುದೆಂದ ನಾಗಮೋಹನ್ ದಾಸ್ ಸಮಿತಿಯ ವರದಿಯನ್ನು 2018ರ ಮಾರ್ಚ್‌ನಲ್ಲಿ ಒಪ್ಪಿ ರಾಜ್ಯ ಸಂಪುಟ ಕಳಿಸಿದ ಶಿಫಾರಸು ಕೇಂದ್ರದಲ್ಲಿ ನಿಂತುಹೋಯಿತು. ಅದರಲ್ಲಿದ್ದ 'ಬಸವತತ್ವದಲ್ಲಿ ನಂಬಿಕೆಯುಳ್ಳ' ಎಂಬ ಒಂದು ಷರತ್ತೇ ಪಂಚಾಚಾರ್ಯರನ್ನು ಮೂಲಪುರುಷರೆನ್ನುವ ವೀರಶೈವರನ್ನು ಕೆರಳಿಸಲು ಸಾಕಾಗಿತ್ತು.

ಜಾತಿ ಕಾಲಂ ಮಾತ್ರ ಹುಷಾರಾಗಿ ತುಂಬಬೇಕಾದದ್ದು. 2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಮೀಕ್ಷೆಯಲ್ಲಿ ಧರ್ಮ, ಜಾತಿ, ಉಪಜಾತಿ ಬೇರೆ ಬೇರೆ ಕಾಲಂ. ಎಡವುವುದು ಇಲ್ಲೇ. ಧರ್ಮದಲ್ಲಿ 'ಲಿಂಗಾಯತ' ಬರೆಸಿದ ಮೇಲೆ ಜಾತಿಗೆ ಏನೆಂದು ತೋಚದೆ, ಪಂಚಮಸಾಲಿ, ಬಣಜಿಗ, ಗಾಣಿಗ ಎಂಬ ಒಳಪಂಗಡವನ್ನೇ ಜಾತಿ ಕಾಲಂಗೆ ತುಂಬುತ್ತಾರೆ. ಒಂದೇ ಸಮುದಾಯದ ತಲೆಗಳು ಹತ್ತಾರು ಸಾಲಿನಲ್ಲಿ ಹಂಚಿಹೋಗುತ್ತವೆ. ಹಿಂದುಳಿದ ವರ್ಗಗಳ 2ಎ ಮೀಸಲಾತಿಗಾಗಿ 'ಹಿಂದೂ ಗಾಣಿಗ', 'ಹಿಂದೂ ಸಾದರ' ಎಂದು ಪ್ರಮಾಣಪತ್ರ ಪಡೆದ ಲಿಂಗಾಯತರ ಕಥೆ ಇನ್ನೂ ತೊಡಕಿನದು. ಗಣತಿಯಲ್ಲಿ ಹೆಮ್ಮೆಗೆ ಒಂದು, ಸೀಟಿಗೆ ಇನ್ನೊಂದು. ತಮ್ಮ ಸಂಖ್ಯೆ ಕಡಿಮೆ ತೋರಿಸಲಾಗಿದೆ ಎಂದು ದೂರುವ ಮುಖಂಡರು ಈ ಸೋರಿಕೆಯನ್ನೂ ಒಪ್ಪಿಕೊಳ್ಳುತ್ತಾರೆ.

2027ರ ಜನಗಣತಿಯಲ್ಲಿ ಜಾತಿಯನ್ನೂ ಕೇಳುತ್ತಾರೆ. ಗಣತಿದಾರರು ಬರುವ ಮುಂಚೆ ಮನೆಯವರ ಜಾತಿ ಪ್ರಮಾಣಪತ್ರಗಳನ್ನು ಒಂದು ಕಡೆ ಇಟ್ಟು, ಅಪ್ಪನದರಲ್ಲಿ, ಮಕ್ಕಳದರಲ್ಲಿ ಯಾವ ಹೆಸರಿದೆ ನೋಡಿಕೊಳ್ಳಿ. ಧರ್ಮ ಮನೆಯ ಯಜಮಾನನ ಪ್ರಶ್ನೆ ಮಾತ್ರ ಅಲ್ಲ, ಪ್ರತಿ ಸದಸ್ಯರಿಗೂ ಬೇರೆಯಾಗಿ ದಾಖಲಾಗುತ್ತದೆ. ಗಂಡ ಲಿಂಗಾಯತ, ಹೆಂಡತಿ ಹಿಂದೂ ಅಂತ ಹೇಳಿದರೂ ಹಾಗೆಯೇ ಬರೆದುಕೊಳ್ಳಬೇಕು.