ನಾಲ್ಕು ಮರದ ಗಳ

ಇವತ್ತು ಸವಾರಿ ಇಲ್ಲ, ಬೆನ್ನಿನ ಮಸಲ್ ಗಟ್ಟಿಯಾಗ್ಲಿ ಅಂತ ನೆಲದ ಮೇಲೆ ನಾಲ್ಕು ಮರದ ಗಳ ಹಾಕಿ ಕುದುರೆನ ದಾಟಿಸಿದ್ದು ಅಷ್ಟೇ. ಒಂದಕ್ಕೊಂದು ಸುಮಾರು 3 ಅಡಿ ದೂರ, ನಡಿಗೆಗೆ ಸಾಕು, ಟ್ರಾಟ್‌ಗಾದ್ರೆ (ನಡಿಗೆಗಿಂತ ಜೋರು, ಜಾಗಿಂಗ್ ಥರದ ಓಟ) 4 ಅಡಿ ಮೇಲೆ ಬೇಕು.

ಮೊದಲ್ನೇ ಸಲ ಟಕ್ ಅಂತ ಗೊರಸು ತಾಗಿಸಿ ನನಗೊಂದು ಲುಕ್ ಕೊಟ್ಟ, ತಪ್ಪು ನಂದೇ ಅನ್ನೋ ಥರ. ಮೂರನೇ ಸಲಕ್ಕೆ ತಲೆ ತಾನಾಗೇ ಕೆಳಗಿಳೀತು, ಕತ್ತು ಉದ್ದ ಆಯ್ತು, ಹೊಟ್ಟೆ ಒಳಗೆ ಎಳ್ಕೊಂಡು ಬೆನ್ನು ಮೇಲೇಳ್ತಿದ್ದಿದ್ದು ಕಣ್ಣಿಗೇ ಕಾಣ್ತಿತ್ತು, ನಾನು ಹಗ್ಗ ಹಿಡ್ಕೊಂಡು ಪಕ್ಕದಲ್ಲಿ ಸುಮ್ನೆ ನಡೀತಿದ್ದೆ. ಜೀನು ಹಾಕಿ ರೌಂಡ್ ಹೊಡೆಸಿದ್ರೆ ಮಸಲ್ ತಾನೇ ಬರುತ್ತೆ ಅಂದ್ಕೊಂಡಿದ್ದೆ ನೋಡಿ ಇಷ್ಟು ದಿನ!

ಹತ್ತು ನಿಮಿಷಕ್ಕೇ ನಿಲ್ಲಿಸ್ದೆ, ಸುಸ್ತಾದ್ರೆ ಬೆನ್ನು ಮತ್ತೆ ಜೋತು ಬೀಳುತ್ತೆ. ನಾಳೆ ರೆಸ್ಟ್. ನಾಡಿದ್ದು ಏರು ದಾರೀಲಿ ಹಿಂದಕ್ಕೆ ಹೆಜ್ಜೆ ಹಾಕ್ಸೋ ಪ್ಲಾನು, ಅವನಿಗಿನ್ನೂ ಹೇಳಿಲ್ಲ.