ಬಳಸಿದ ಫಾಲ್ಕನ್ 7ಎಕ್ಸ್ ಖರೀದಿ: ದಾಖಲೆ ಪರಿಶೀಲನೆಯ ಹಂತ

ನಮ್ಮ ಬೆಂಗಳೂರಿನ ಸಂಸ್ಥೆಗೆ ಬಳಸಿದ ದೂರಗಾಮಿ ಬಿಸಿನೆಸ್ ಜೆಟ್ ಕೊಳ್ಳುವ ಕೆಲಸ ಕಳೆದ ಟಿಪ್ಪಣಿಯ ನಂತರ ಒಂದು ಮುಖ್ಯ ಹಂತವನ್ನು ದಾಟಿದೆ. ಗಲ್ಫ್‌ಸ್ಟ್ರೀಮ್ ಜಿ550, ಬೊಂಬಾರ್ಡಿಯರ್ ಗ್ಲೋಬಲ್ 6000 ಮತ್ತು ದಸೊ ಫಾಲ್ಕನ್ 7ಎಕ್ಸ್‌ಗಳ ಪೈಕಿ ಕೊನೆಯದನ್ನು ಆರಿಸಿ, ಮಾರುವವರೊಂದಿಗೆ ಉದ್ದೇಶ ಪತ್ರಕ್ಕೆ ಸಹಿ ಹಾಕಿ, ಮುಂಗಡವನ್ನು ಎಸ್ಕ್ರೋ ಖಾತೆಗೆ (ವ್ಯವಹಾರ ಮುಗಿಯುವವರೆಗೆ ಮೂರನೆಯವರು ಹಣ ಹಿಡಿದಿಡುವ ಖಾತೆ) ಕಟ್ಟಿದ್ದೇವೆ.

ಜಿ550 ಸುಮಾರು 12,500 ಕಿ.ಮೀ. ಹಾರಬಲ್ಲದು, 7ಎಕ್ಸ್ ಸುಮಾರು 11,000 ಕಿ.ಮೀ. ಹೆಚ್ಚು ದೂರ ಹಾರುವುದನ್ನೇ ಕೊಳ್ಳೋಣ ಎಂಬ ವಾದ ನಮ್ಮಲ್ಲಿ ಬಲವಾಗಿಯೇ ಇತ್ತು. ಆದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿ.ಮೀ. ದೂರವಿರುವುದರಿಂದ ಎರಡೂ ವಿಮಾನಗಳು ನಡುವೆ ಒಮ್ಮೆ ಇಳಿದು ಇಂಧನ ತುಂಬಿಸಿಕೊಳ್ಳಲೇಬೇಕು. ಸುಮಾರು 8,000 ಕಿ.ಮೀ. ದೂರದ ಲಂಡನ್ನನ್ನು ಎರಡೂ ನಿರಾಯಾಸವಾಗಿ ತಲುಪುತ್ತವೆ. ಹೀಗಾಗಿ ನಮ್ಮ ಮಾರ್ಗಗಳಲ್ಲಿ ಆ ಹೆಚ್ಚುವರಿ ದೂರಕ್ಕೆ ಬೆಲೆ ತೆರುವುದರಲ್ಲಿ ಅರ್ಥ ಕಾಣಲಿಲ್ಲ. ಎಚ್‌ಎಎಲ್ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 890 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲೂ ಬಿಸಿಲಿನಲ್ಲೂ ಗಾಳಿ ತೆಳುವಾಗಿ ಎಂಜಿನ್‌ಗಳ ಬಲ ಕುಗ್ಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮೇಲೇರುವಾಗ ಒಂದು ಎಂಜಿನ್ ಕೈಕೊಟ್ಟರೂ ಇನ್ನೆರಡು ಉಳಿದಿರುತ್ತವೆ ಎಂಬುದು ಮೂರು ಎಂಜಿನ್‌ಗಳ 7ಎಕ್ಸ್‌ನ ಪರವಾಗಿ ನನ್ನ ಮನಸ್ಸಿಗೆ ಒಪ್ಪಿದ ಕಾರಣ.

ಈಗ ನಡೆಯುತ್ತಿರುವುದು ದಾಖಲೆಗಳ ಓದು. ಒಳಾಂಗಣದ ಚರ್ಮ, ಮರದ ಹೊಳಪು, ಹೊಸ ಬಣ್ಣ ಇವನ್ನೆಲ್ಲ ಹಣ ಕೊಟ್ಟು ಮತ್ತೆ ಮಾಡಿಸಬಹುದು. ಕಾರ್ಖಾನೆಯಿಂದ ಹೊರಬಂದ ದಿನದಿಂದ ಇಂದಿನವರೆಗಿನ ಲಾಗ್‌ಬುಕ್ಕಿನಲ್ಲಿ ಒಂದು ವರ್ಷ ಕಾಣೆಯಾಗಿದ್ದರೆ ಅದನ್ನು ಯಾರೂ ಹೊಸದಾಗಿ ಬರೆದುಕೊಡಲಾರರು, ಮುಂದೆ ನಾವು ಮಾರುವಾಗಲೂ ಆ ಕೊರತೆ ಬೆಲೆಯನ್ನು ತಗ್ಗಿಸುತ್ತದೆ. 2011ರ ಮೇ ತಿಂಗಳಲ್ಲಿ ಕೌಲಾಲಂಪುರದ ಬಳಿ ಇಳಿಯುತ್ತಿದ್ದ ಒಂದು 7ಎಕ್ಸ್‌ನ ಹಿಂಬದಿಯ ಸಮತಲ ರೆಕ್ಕೆ ತಾನಾಗಿಯೇ ತಿರುಗಿ, ಮೂತಿ ಹಠಾತ್ತನೆ ಮೇಲೆದ್ದಿತ್ತು. ಪೈಲಟ್ ವಿಮಾನವನ್ನು ಪಕ್ಕಕ್ಕೆ ವಾಲಿಸಿ ಹತೋಟಿಗೆ ತಂದರು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಈ ಮಾದರಿಯ ಎಲ್ಲ ವಿಮಾನಗಳ ಹಾರಾಟವನ್ನು ಕೆಲಕಾಲ ನಿಲ್ಲಿಸಿತು. ಆ ರೆಕ್ಕೆಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕದೊಳಗಿನ ಬೆಸುಗೆಯ ದೋಷವೇ ಅದಕ್ಕೆ ಕಾರಣವೆಂದು ತನಿಖೆ ತಿಳಿಸಿತು. ಆದ್ದರಿಂದ ಆ ಘಟಕಕ್ಕೆ ಸಂಬಂಧಿಸಿದ ಪ್ರತಿಯೊಂದು ಕಡ್ಡಾಯ ಸೂಚನೆಯೂ ಈ ವಿಮಾನದಲ್ಲಿ ಜಾರಿಯಾಗಿದೆಯೇ ಎಂಬುದನ್ನು ಸಹಿ ಮತ್ತು ಭಾಗದ ಕ್ರಮಸಂಖ್ಯೆ ಸಮೇತ ಹುಡುಕಿ ನೋಡಿದೆವು. ಎಲ್ಲವೂ ಸರಿಯಾಗಿ ನಮೂದಾಗಿವೆ.

ಕಾಕ್‌ಪಿಟ್‌ನ ಪರದೆ ಮತ್ತು ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಈಸಿ-2 ಎಂಬ ಹೊಸ ಆವೃತ್ತಿಗೆ ಏರಿಸಲಾಗಿದೆ. ಉತ್ತರ ಅಟ್ಲಾಂಟಿಕ್ ದಾಟಲು ಬೇಕಾದ ಡೇಟಾಲಿಂಕ್ (ನಿಯಂತ್ರಣ ಕೇಂದ್ರದೊಂದಿಗೆ ಬರಹದ ಸಂದೇಶ ವಿನಿಮಯದ ಸಾಧನ) ಕೂಡ ಇದೆ. ಮೂರೂ ಪಿಡಬ್ಲ್ಯು307ಎ ಎಂಜಿನ್‌ಗಳು ಹಾರಿದ ಗಂಟೆಗೆ ಇಂತಿಷ್ಟು ಕಟ್ಟುವ ನಿರ್ವಹಣಾ ಯೋಜನೆಯಲ್ಲಿವೆ. ಆ ಒಪ್ಪಂದ ನಮ್ಮ ಹೆಸರಿಗೆ ವರ್ಗವಾಗುತ್ತದೆಂಬ ಬರಹದ ಖಾತ್ರಿ ಕೈಸೇರುವವರೆಗೆ ಅಂತಿಮ ಕರಾರಿಗೆ ಸಹಿ ಹಾಕಬಾರದೆಂದು ನಾನು ಪಟ್ಟು ಹಿಡಿದಿದ್ದೇನೆ.

ನೋಂದಣಿಯ ವಿಷಯ ಸದ್ಯಕ್ಕೆ ಚಿಕ್ಕದು. ಬಾಡಿಗೆಗೆ ಬಿಡುವ ಯೋಚನೆ ಇಲ್ಲದ ಕಾರಣ ಖಾಸಗಿ ವರ್ಗದಲ್ಲೇ ದೇಶದ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಗೆ ಅರ್ಜಿ ಹಾಕುತ್ತೇವೆ. ಹಳೆಯ ದೇಶದ ನೋಂದಣಿ ರದ್ದಾಗದೆ ಭಾರತದ ವಿಮಾನಗಳಿಗೆ ಕೊಡುವ ವಿಟಿ ಸಂಕೇತ ಸಿಗುವುದಿಲ್ಲ. ವಿಮಾನದ ಮೇಲೆ ಸಾಲದ ಹಕ್ಕು ಉಳಿದಿದೆಯೇ ಎಂಬುದನ್ನು ವಿಮಾನಗಳ ಮೇಲಿನ ಇಂಥ ಹಕ್ಕುಗಳನ್ನು ದಾಖಲಿಸುವ ಕೇಪ್‌ಟೌನ್ ಒಡಂಬಡಿಕೆಯ ಅಂತರರಾಷ್ಟ್ರೀಯ ನೋಂದಣಿಯಲ್ಲಿ ವಕೀಲರು ನೋಡುತ್ತಿದ್ದಾರೆ.

ಚೌಕಾಸಿ ಉಳಿದಿರುವುದು ಎಂಟು ವರ್ಷಕ್ಕೊಮ್ಮೆ ಬರುವ ಸಿ-ಚೆಕ್ ಎಂಬ ದೊಡ್ಡ ತಪಾಸಣೆಯ ಕುರಿತು. ಅದರ ಅವಧಿ ಹತ್ತಿರವಾಗಿದ್ದು, ಬೆಲೆಯಲ್ಲಿ ಕಡಿತ ಕೊಡುತ್ತೇವೆಂದು ಮಾರುವವರು ಹೇಳುತ್ತಿದ್ದಾರೆ. ಒಳಫಲಕಗಳನ್ನೆಲ್ಲ ಬಿಚ್ಚಿದಾಗ ಎಲ್ಲಿ ತುಕ್ಕು ಸಿಗುತ್ತದೋ ಮೊದಲೇ ಹೇಳಲಾಗದು. ಹಾಗಾಗಿ ಆ ಪರೀಕ್ಷೆಯನ್ನೂ ಎಂಜಿನ್‌ಗಳ ಬೋರ್‌ಸ್ಕೋಪ್ ತಪಾಸಣೆಯನ್ನೂ (ಸಣ್ಣ ಕ್ಯಾಮೆರಾ ಕೊಳವೆ ತೂರಿಸಿ ಒಳಗೆ ನೋಡುವುದು) ಹಸ್ತಾಂತರಕ್ಕೆ ಮುನ್ನ ಅವರ ಖರ್ಚಿನಲ್ಲೇ, ನಮ್ಮ ಎಂಜಿನಿಯರ್ ಎದುರಿನಲ್ಲೇ ಮುಗಿಸಬೇಕೆಂದು ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.